ವಯೋಸಹಜ

ತಾಲೂಕು ಆಸ್ಪತ್ರೆಗೆ ದುಃಖ ತೂಗುವ ಯಂತ್ರ ಬಂದು ಒಂಬತ್ತು ವರ್ಷವಾಗಿತ್ತು. ಅರವತ್ತು ದಾಟಿದವರಿಗೆ ಅದು ‘ವಯೋಸಹಜ’ವೆಂದು ಅರವತ್ತರ ಮೇಲಿನ ಪ್ರತಿ ವರ್ಷಕ್ಕೆ ಒಂದು ಕಿಲೋ ದುಃಖವನ್ನು ತಾನೇ ಕಳೆದುಬಿಡುತ್ತಿತ್ತು. ಎಪ್ಪತ್ತೆಂಟರ ಚನ್ನವೀರವ್ವನಿಗೆ ಈ ಸಲವೂ ಸೊನ್ನೆ ಬಂತು.

“ಏನೂ ಇಲ್ಲ ಬಿಡವ್ವ, ವಯಸ್ಸಾದ ಮ್ಯಾಲ ಹಿಂಗ,” ಎಂದಳು ನರ್ಸ್ ಫರ್ಜಾನಾ.

“ಆರು ತಿಂಗಳಾತು, ರೊಟ್ಟಿ ಬಾಯಾಗ ಮಣ್ಣಾಗೇತಿ. ಬದುಕೂದ ಬ್ಯಾಡಾಗೇತಿ. ಇದೂ ವಯಸ್ಸಿಂದ ಏನು?”

“ಮಷೀನು ಹಂಗಂತೈತಿ.”

“ಹಂಗಾರ ಅದಕ್ಕ ನನ್ನ ವಯಸ್ಸು ಮೂವತ್ತಂತ ಹೇಳು. ನಾ ಏನು ಅದನ್ನ ಮದುವಿ ಆಗಾಕ ಹೊಂಟಿಲ್ಲ.”

ಫರ್ಜಾನಾ ಆಚೀಚೆ ನೋಡಿ ಮೂವತ್ತು ಎಂದು ಒತ್ತಿದಳು. “ಹೆಣ್ಣು, ಮೂವತ್ತು, ಅಪಾಯ!” ಎಂದು ಯಂತ್ರ ಕಿರುಚಿಕೊಂಡಿತು. ಡಾಕ್ಟರು ಊಟ ಬಿಟ್ಟು, ಎಂಜಲು ಕೈಯಲ್ಲೇ ಓಡಿಬಂದರು.

“ಎಲ್ಲಿ? ಆ ಹುಡುಗಿ ಎಲ್ಲಿ?”

ತಕ್ಕಡಿಯ ಮೇಲಿಂದ ಚನ್ನವೀರವ್ವ ಮೆಲ್ಲಗೆ ಕೈ ಎತ್ತಿದಳು.