ಭತ್ತದ ಧೂಳಿನ ಗುಳ್ಳೆ

ತಟ್ಟೆಯ ಮಿರ್ಚಿ ಭಜಿಗೆ ಕೈ ಚಾಚಿದ ಗಾಳೇಶನ ಅಂಗಿಯ ತೋಳು ಮೇಲೆ ಸರಿದದ್ದೇ ತಡ, ಲಲಿತಾಳ ಕಣ್ಣು ಅಲ್ಲೇ ನಿಂತುಬಿಟ್ಟಿತು. ಕೆರೆದು ಕೆರೆದು ಕಪ್ಪಾದ ಸಣ್ಣ ಗುಳ್ಳೆಗಳು. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂರಬೇಕಾದವಳು ಹುಡುಗನ ಮೈಯನ್ನೇ ತಪಾಸಣೆ ಮಾಡುತ್ತಿದ್ದಳು.

ಹುಡುಗನ ತಾಯಿ ಸಣ್ಣವ್ವ ಚುರುಕಿನ ಹೆಂಗಸು. ಮಗನ ತೋಳನ್ನು ಸರಕ್ಕನೆ ಕೆಳಗೆಳೆದಳು.

"ಸಿದ್ದಾಪುರದಾಗ ರೈಸ್ ಮಿಲ್ಲಿನ ಕೆಲಸ ನೋಡವ್ವ. ಭತ್ತದ ಧೂಳಿಗಿ ಮೈ ತುರಸ್ತೈತಿ. ಬ್ಯಾರೆ ಏನೂ ಇಲ್ಲ, ನನ್ನ ಮಗ ಅಪರಂಜಿ!"

ಈ ಮಾತಿಗೆ ಲಲಿತಾಳ ಅಪ್ಪ ತಿರುಪತಿಯ ಮುಖ ಇಳಿಯಿತು. ಸಂಬಂಧ ತಂದಿದ್ದ ಮುದಿಯಪ್ಪನ ಕಡೆ ನೋಡಿದ. ಆತ ಒಗ್ಗರಣೆ ಮಂಡಕ್ಕಿಯಲ್ಲಿ ಮುಳುಗಿದ್ದ. 'ಜೋಡಿ ಭಾಳ ಛಲೋ ಆಗತೈತಿ, ಉಳಿದದ್ದು ಹುಡುಗ್ರೇ ಮಾತಾಡ್ಕೊಳ್ಳಲಿ' ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದ ಮನುಷ್ಯ ಅವನು.

ಭಾಗ್ಯನಗರದ ಆ ಓಣಿಯಲ್ಲಿ ಲಲಿತಾಳ ಹೊಲಿಗೆ ಎಷ್ಟು ಹೆಸರುವಾಸಿಯೋ, ಬಂದ ಗಂಡುಗಳನ್ನು ಅವಳು ಒಲ್ಲೆ ಎನ್ನುವುದೂ ಅಷ್ಟೇ ಹೆಸರುವಾಸಿ. ಕಿನ್ನಾಳದಿಂದ ಗೊಂಬೆಯಂಥ ಹುಡುಗ ಬಂದಿದ್ದ, ಬೇಡವೆಂದಳು. ಕುಷ್ಟಗಿಯ ಮಾಸ್ತರ ಬಂದಿದ್ದ, ಬೇಡವೆಂದಳು. ಇವಳಿಗೆ ದೇವಲೋಕದಿಂದಲೇ ಗಂಡು ಇಳಿಯಬೇಕೇನೋ ಎಂದು ನೆರೆಯವರು ನಗುತ್ತಿದ್ದರು.

ಈ ಸಲ ಹುಡುಗ ಮನಸ್ಸಿಗೆ ಹಿಡಿಸಿದ್ದ. ಚಹಾ ಕುಡಿದ ಕಪ್ಪುಗಳನ್ನು ತಾನೇ ಎತ್ತಿ ಒಳಗಿಟ್ಟಿದ್ದ. ಅದಕ್ಕೇ ಆ ಗುಳ್ಳೆಗಳು ಅವಳನ್ನು ಕಾಡಿದವು. ಎಚ್‌ಐವಿ ತಗುಲಿದವರ ಮೈಮೇಲೆ ಇಂಥವೇ ಏಳುವುದುಂಟು ಎಂದು ಅವಳಿಗೆ ಗೊತ್ತು. ಬರೀ ಧೂಳಿಗೂ ಏಳುತ್ತವೆ ಎಂಬುದೂ ಗೊತ್ತು. ಗುಳ್ಳೆ ನೋಡಿ ತೀರ್ಮಾನಿಸಲಾಗದು. ರಕ್ತ ಹೇಳಬೇಕು, ಇಲ್ಲವೇ ಅವನೇ ಬಾಯಿಬಿಡಬೇಕು. ಅದು ತಿಳಿಯದೆ ಅವಳು ಹೂಂ ಎನ್ನುವಂತಿರಲಿಲ್ಲ.

"ಹಿತ್ತಲಕ ಬರ್ರಿ, ಸ್ವಲ್ಪ ಮಾತಾಡೂದೈತಿ," ಎಂದಳು.

ಸಣ್ಣವ್ವನೂ ಎದ್ದಳು. ಮುದಿಯಪ್ಪ ಅವಳ ಕೈಗೆ ಇನ್ನೊಂದು ಮಿರ್ಚಿ ಕೊಟ್ಟು ಕೂರಿಸಿದ.

ಹಿತ್ತಲಲ್ಲಿ ಲಲಿತಾ ಸುತ್ತಿ ಬಳಸಿ ಮಾತಾಡಲಿಲ್ಲ.

"ಜ್ವರ ಬಂದು ಮೈತುಂಬ ಕೆಂಪಗ ಎದ್ದಿತ್ತೇನ್ರಿ? ಬಾಯಾಗ ಬೆಳ್ಳಗ ಆಗಿತ್ತೇನು?"

ಗಾಳೇಶ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡ. "ನೀವು ನರ್ಸ ಏನ್ರಿ?"

"ಟೇಲರ್. ಖರೇ ಹೇಳ್ರಿ."

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಅವಳ ಮುಖ ನೋಡಿದ.

"ಹೇಳಬ್ಯಾಡಂತ ಅವ್ವ ಆಣಿ ಹಾಕಿಸ್ಯಾಳ್ರಿ. ಆದ್ರ ಮೋಸ ಮಾಡಿ ನಿಮ್ಮನ್ನ ಕಟ್ಟಿಕೊಳ್ಳಾಕ ನನ್ನಿಂದ ಆಗೂದಿಲ್ಲ. ಇದು ಧೂಳಲ್ರಿ, ಎಚ್‌ಐವಿ. ಹೋದ ತಿಂಗಳ ಗೊತ್ತಾತು. ಗುಳಿಗಿ ಚಾಲೂ ಮಾಡೀನಿ. ತಪ್ಪಾತ್ರಿ, ನಾವು ಹೊಂಡ್ತೀವಿ."

ತಿರುಗಿ ಹೊರಟವನ ತೋಳನ್ನು ಲಲಿತಾ ಗಪ್ಪನೆ ಹಿಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. ಇಷ್ಟು ನಿಯತ್ತಿನ ಮನುಷ್ಯ ಸಿಕ್ಕನಲ್ಲ ಎಂದು ಖುಷಿಯೋ ಖುಷಿ.

"ಗುಳ್ಳಿ ಮಾಯ್ತಾವ ತಗೋರಿ, ನನ್ನವೂ ಹಿಂಗ ಮಾಯ್ದಾವು," ಎಂದಳು. "ಇನ್ನ ಮ್ಯಾಲ ಊಟ ಆದ ಕೂಡ್ಲೆ ಇಬ್ಬರೂ ಕೂಡೇ ಗುಳಿಗಿ ನುಂಗೂಣು."