ಪೆಡಲ್‌ಗೆ ನಮಸ್ಕಾರ

"ಬೆನ್ನುನೋವು ಅಂತ ಬಾಯಿ ಬಿಟ್ಟೆ ಅಂದ್ರ ಮುಗೀತು ನಿನ್ ಕತಿ," ಎಂದು ಪಕ್ಕದ ಮಿಷಿನ್ನಿನ ರೋಜಾ ಪಿಸುಗುಟ್ಟುವಷ್ಟರಲ್ಲಿ ತಪಾಸಣೆಯ ಸುಮಲತಾ ಮೇಡಂ ದ್ಯಾಮಕ್ಕನ ಮುಂದೆ ಬಂದು ನಿಂತೇಬಿಟ್ಟರು.

ಹಗರಿಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಇಂಥ ತಪಾಸಣೆ ಇದೇ ಮೊದಲು. ಯಾರು ಹೇಗೆ ಕೂರುತ್ತಾರೆ, ಎಲ್ಲಿ ನೋಯುತ್ತದೆ, ಸ್ಟೂಲು ಸರಿಯಿದೆಯೋ ಇಲ್ಲವೋ, ಎಲ್ಲ ನಿಮ್ಮ ಸುಖಕ್ಕೇ ಕೇಳುವುದು ಎಂದು ಸೂಪರ್‌ವೈಸರ್ ಗುರುಶಾಂತ ಬೆಳಿಗ್ಗೆಯೇ ಸಾರಿದ್ದ. ನಂಬುವವರು ಯಾರು? ಹೋದ ತಿಂಗಳು ಸೊಂಟ ಹಿಡಿದಿದೆ ಎಂದ ಕೊಟ್ರಬಸಮ್ಮನಿಗೆ "ಮನ್ಯಾಗ ಆರಾಮ ಮಾಡಬೇ" ಎಂದವನೂ ಇವನೇ. ಆಮೇಲೆ ಅವಳನ್ನು ಕೆಲಸಕ್ಕೆ ಕರೆಯಲೇ ಇಲ್ಲ. ತಂಬ್ರಹಳ್ಳಿಯ ದ್ಯಾಮಕ್ಕನ ಮನೆಯಲ್ಲಿ ದುಡಿಯುವ ಕೈ ಬೇರೊಂದಿರಲಿಲ್ಲ.

"ಬೆನ್ನು, ಸೊಂಟ ಏನಾದ್ರೂ ನೋಯುತ್ತಾ ಅಕ್ಕಾ?" ಸುಮಲತಾ ಮೇಡಂ ಕೇಳಿದರು.

"ಏನಿಲ್ರೀ. ಗುಂಡುಕಲ್ಲಿನಂಗ ಅದೀನಿ."

"ಹಂಗಾದ್ರೆ ಕೆಳಗೆ ಬಿದ್ದಿರೋ ಆ ಕತ್ತರಿ ಎತ್ತಿಕೊಡಿ, ನೋಡೋಣ."

ದ್ಯಾಮಕ್ಕ ಸ್ಟೂಲಿನಿಂದಲೇ ಬಾಗಿದಳು. ಕತ್ತರಿ ಕೈಗೆ ಸಿಗುವ ಮೊದಲೇ ಸೊಂಟದಲ್ಲಿ ಚಳಕ್ ಎಂದಿತು. ಅಷ್ಟೇ, ಬಾಗಿದವಳು ಬಾಗಿದಂತೆಯೇ ಉಳಿದಳು. ಅಯ್ಯೋ ಎನ್ನಲೂ ಹೆದರಿಕೆ. ಏನು ತೋಚಿತೋ, ಅಂಗೈಯನ್ನು ಮಿಷಿನ್ನಿನ ಪೆಡಲ್ ಮೇಲಿಟ್ಟು ಕಣ್ಣು ಮುಚ್ಚಿದಳು. ಕೆಲಸಕ್ಕೆ ಕೂರುವಾಗ ಪೆಡಲ್ ಮುಟ್ಟಿ ನಮಸ್ಕರಿಸುವುದು ಆ ಸಾಲಿನ ಹೆಂಗಸರ ರೂಢಿಯೇ.

"ನಮ್ಮ ದ್ಯಾಮಕ್ಕಗ ಭಕ್ತಿ ಭಾಳ ರೀ ಮೇಡಂ," ರೋಜಾ ಗಡಿಬಿಡಿಯಲ್ಲಿ ಹೇಳಿದಳು. "ಮಿಷಿನ್ನಿಗೆ ಕೈ ಮುಗೀದೆ ಒಂದು ಹೊಲಿಗಿ ಹಾಕಂಗಿಲ್ಲ."

ಗುರುಶಾಂತ ನಕ್ಕ. ಆದರೆ ನಮಸ್ಕಾರ ಮುಗಿಯಲಿಲ್ಲ. ಅವನ ನಗು ನಿಂತಿತು. "ಸಾಕೇಳಬೇ, ಮೇಡಂಗ ಟೈಮ್ ಆಗಾಕತ್ತೈತಿ," ಎಂದು ಹತ್ತಿರ ಬಂದ. ದ್ಯಾಮಕ್ಕ ಕಣ್ಣು ತೆರೆದರೆ ಎದುರಿಗೇ ಅವನ ಬೂಟು. ಹಣೆಯ ಬೆವರು ಪೆಡಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಕೊಟ್ರಬಸಮ್ಮ ಟಿಫಿನ್ ಡಬ್ಬಿ ಹಿಡಿದು ಗೇಟು ದಾಟಿದ್ದು ನೆನಪಾಯಿತು.

ಸುಮಲತಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಖದ ಹತ್ತಿರ ಮುಖ ತಂದರು. "ಇಷ್ಟು ಹೊತ್ತು ಏನು ಬೇಡ್ಕೊಳ್ತಿದೀರಿ ಅಕ್ಕಾ?"

ದ್ಯಾಮಕ್ಕ ಬೂಟಿನ ಕಡೆ ನೋಡಿದಳು. ಅವನಿಗೆ ಕೇಳದಂತೆ ಉಸಿರಿನಲ್ಲೇ ಹೇಳಿದಳು.

"ಇದೊಂದ್ಸಲ ಮ್ಯಾಲೆ ಏಳಂಗ ಮಾಡಪ್ಪಾ ಅಂತ್ರೀ."