ದ್ಯಾಮವ್ವನ ಕಬ್ಬಿಣಾಂಶ

ಹುಬ್ಬಳ್ಳಿಯ ಹಾರುವ ಬಸ್ಸುಗಳಿಗೆ ಭಾರವೇ ಶತ್ರು. ಹಾಗಾಗಿ ಕಂಡಕ್ಟರ್ ಆಗುವವರೆಲ್ಲ ಮೊದಲು ಆಪರೇಷನ್ ಮಾಡಿಸಿ ಹೊಟ್ಟೆ ಕಿರಿದಾಗಿಸಿಕೊಳ್ಳಬೇಕಿತ್ತು. ದ್ಯಾಮವ್ವ ಮಾಡಿಸಿಕೊಂಡು ಆರು ವರ್ಷವಾಗಿತ್ತು. ಅಂಗೈಯಗಲ ರೊಟ್ಟಿಗೇ ಅವಳ ಹೊಟ್ಟೆ ತುಂಬುತ್ತಿತ್ತು. ಮೈಗೆ ಬೇಕಾದ ಕಬ್ಬಿಣಕ್ಕೂ ಬಿ-ಹನ್ನೆರಡಕ್ಕೂ ಇಲಾಖೆ ಕೊಡುವ ಮಾತ್ರೆಯೇ ಗತಿ. ಆ ಮಾತ್ರೆ ನಾಲ್ಕು ತಿಂಗಳಿಂದ ಬಂದಿರಲಿಲ್ಲ.

ಅಂದು ಬೆಳಿಗ್ಗೆ, ಬೆರಳು ತಾಗಿದರೆ ರಕ್ತ ಪರೀಕ್ಷಿಸುವ ಡಿಪೋದ ಗೇಟು ಅವಳ ಬೆರಳು ತಾಗಿದ್ದೇ ಕೆಂಪಾಯಿತು.

"ಕಬ್ಬಿಣ ಕಡಿಮಿ ಐತಿ. ಮೈ ನೋಡ್ಕೊಳ್ಳಾಕ ಬರೂದಿಲ್ಲೇನವ್ವಾ? ಇವತ್ತ ಡ್ಯೂಟಿ ಇಲ್ಲ," ಎಂದರು ಮ್ಯಾನೇಜರ್ ಹಂಚಿನಮನಿ, ಎರಡನೆಯ ಮಿರ್ಚಿ ಭಜಿ ಕಚ್ಚುತ್ತ.

ದ್ಯಾಮವ್ವನಿಗೆ ಸಿಟ್ಟು ನೆತ್ತಿಗೇರಿತು. "ಸಾಯೂತನಕ ಮಾತ್ರಿ ಕೊಡ್ತೀವಿ ಅಂತ ಹೇಳಿ ಹೊಟ್ಟಿ ಕೊಯ್ಸಿದವ್ರು ಯಾರ್ರಿ? ಕೊಯ್ಸಿದವ್ರು ನೀವು, ತಪ್ಪು ನಂದಾ?"

ಅವಳು ಮನೆಗೆ ಹೋಗಲಿಲ್ಲ, ಗೇಟಿಗೆ ಅಡ್ಡ ಕೂತಳು. ತಲೆ ಸುತ್ತುತ್ತಿದ್ದರೂ ಏಳಲಿಲ್ಲ. ಹಿಂದೆ ಬಂದ ಕಂಡಕ್ಟರುಗಳಿಗೂ ಗೇಟು ಕೆಂಪಾಯಿತು. ಅವರೂ ಒಬ್ಬೊಬ್ಬರಾಗಿ ಅವಳ ಪಕ್ಕ ಕೂತರು. ಹತ್ತು ಗಂಟೆಯ ಹೊತ್ತಿಗೆ ಊರಿನ ಮೇಲೆ ಒಂದು ಬಸ್ಸೂ ಹಾರುತ್ತಿರಲಿಲ್ಲ, ಹಂಚಿನಮನಿಯವರ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಹನ್ನೊಂದಕ್ಕೆ ಮಾತ್ರೆಯ ಡಬ್ಬಗಳು ಬಂದವು.

"ಮೊದಲ ಕೇಳಿದ್ರ ಕೊಡ್ತಿದ್ವಲ್ಲವ್ವಾ," ಎಂದರು ಹಂಚಿನಮನಿ.

"ನಾಕ್ ತಿಂಗಳಿಂದ ಕೇಳಾಕತ್ತೀನ್ರಿ ಸಾಹೇಬ್ರ. ಬಸ್ಸು ನಿಂತ ಮ್ಯಾಲ ನಿಮಗ ಕಿವಿ ಬಂದ್ವು," ಎಂದು ದ್ಯಾಮವ್ವ ಅವರ ಕೈಯಿಂದ ಡಬ್ಬ ಕಿತ್ತುಕೊಂಡು, ಪಕ್ಕದವರಿಗೆ ಮೊದಲು ಹಂಚತೊಡಗಿದಳು.